ಮೆಡಿಕಲ್ ಟ್ರಾನ್ಸ್‌ಕ್ರಿಪ್ಷನ್ ಕೋರ್ಸಿಗೆ 45 ಸಾವಿರ ಕೇಳ್ತಿದಾರೆ, ಕಟ್ಟಬಹುದಾ? ಅಂಕೋಲಾ ಕಡೆಯಿಂದ

ಬೇಲೆಕೇರಿ ಹುಡುಗಿ
ಎಲ್ರಿಗೂ ನಮಸ್ಕಾರ, ಗೊತ್ತಿರೋರು ಯಾರಾದ್ರೂ ಇದ್ರೆ ದಯವಿಟ್ಟು ಹೇಳಿ. ನಂದು ಬಿಎಸ್ಸಿ ಆಗಿ ಒಂದು ವರ್ಷ ಆಯ್ತು, ಬಾಟನಿ ಝೂವಾಲಜಿ ಕೆಮಿಸ್ಟ್ರಿ, ಹತ್ತನೇ ಕ್ಲಾಸ್ ತನಕ ಕನ್ನಡ ಮೀಡಿಯಂ. ಅಮ್ಮಂಗೆ ವಾರಕ್ಕೆ ಎರಡು ಸಲ ಡಯಾಲಿಸಿಸ್ ಇದೆ, ಕಾರವಾರಕ್ಕೆ ಕರ್ಕೊಂಡು ಹೋಗೋದು ನಾನೇ, ಹಾಗಾಗಿ ಊರು ಬಿಟ್ಟು ಹೋಗೋ ಮಾತೇ ಇಲ್ಲ, ಮನೇಲೇ ಕೂತು ಮಾಡೋ ಕೆಲಸ ಬೇಕು. ಒಂದು ಟ್ರೇನಿಂಗ್ ಸಂಸ್ಥೆಯವರು ಫೋನ್ ಮಾಡಿದ್ರು, ಮೂರು ತಿಂಗಳ ಆನ್‌ಲೈನ್ ಕೋರ್ಸ್, 45 ಸಾವಿರ, ಮುಗಿದ ಕೂಡ್ಲೇ ಕೆಲಸ ಗ್ಯಾರಂಟಿ, ತಿಂಗಳಿಗೆ 30 ಸಾವಿರ ಸಂಬಳ ಅಂತ. ಶುಕ್ರವಾರದೊಳಗೆ ಅರ್ಧ ಕಟ್ಟಿದ್ರೆ ಐದು ಸಾವಿರ ಕಡಿಮೆ ಅಂತೆ. ಅಪ್ಪ ಬಂಗಾರ ಅಡ ಇಡೋಣ ಅಂತಿದಾರೆ. ಟೈಪಿಂಗ್ ಸೀನಿಯರ್ ಪಾಸಾಗಿದೀನಿ. ಸಾಕಾಗುತ್ತಾ?

ತೋಟದಮನೆ ಸಿರಸಿ
ತಂಗಿ, ಮೊದಲು ಬಂಗಾರ ಡಬ್ಬೀಲೇ ಇರ್ಲಿ. ನಾನು 2006ರಿಂದ ಇದೇ ಕೆಲಸದಲ್ಲಿದೀನಿ, ಎಂಟು ವರ್ಷ ಬೆಂಗಳೂರಲ್ಲಿ, ಆಮೇಲೆ ಸಿರಸಿ ಹತ್ರದ ನಮ್ಮನೆಯಿಂದ, ಈಗ ಬೇರೆಯವ್ರು ಮಾಡಿದ್ದನ್ನ ತಿದ್ದೋ ಕ್ಯೂಎ ಎಡಿಟರ್. ಶುಕ್ರವಾರದೊಳಗೆ ಅಂತ ಅವಸರ ಮಾಡೋರ ಹತ್ರ ಕಲಿಯೋದು ಎಂತದೂ ಇರಲ್ಲ. ಮೂರು ತಿಂಗಳಲ್ಲಿ ಈ ಕೆಲಸ ಕಲಿತವರನ್ನ ನಾನಂತೂ ನೋಡಿಲ್ಲ. ನನಗೇ ಆರು ತಿಂಗಳು ಕ್ಲಾಸು, ಆಮೇಲೆ ಇನ್ನೊಂದು ಆರು ತಿಂಗಳು ಪ್ರತಿ ರಿಪೋರ್ಟನ್ನೂ ಇನ್ನೊಬ್ಬರು ಕೂತು ಕೇಳಿ ತಿದ್ದಿ ಕೊಡ್ತಿದ್ರು, ಅದಾದ್ಮೇಲೇ ಒಂಟಿಯಾಗಿ ಬಿಟ್ಟಿದ್ದು.

ಕೆಲಸ ಎಂತದು ಅಂದ್ರೆ, ಅಮೆರಿಕದ ಡಾಕ್ಟರು ಪೇಶೆಂಟ್ ನೋಡಿ ಫೋನಲ್ಲೋ ರೆಕಾರ್ಡರಲ್ಲೋ ಮಾತಾಡಿ ಇಟ್ಟಿರ್ತಾರೆ. ಅಡ್ಮಿಟ್ ಆದಾಗಿನ ಹಿಸ್ಟರಿ ಅಂಡ್ ಫಿಸಿಕಲ್, ಆಪರೇಶನ್ ನೋಟ್, ಕನ್ಸಲ್ಟೇಶನ್, ಡಿಸ್ಚಾರ್ಜ್ ಸಮರಿ, ಇದನ್ನೆಲ್ಲ ಕೇಳಿ ತಪ್ಪಿಲ್ಲದೆ ಬರೆದು ಕೊಡ್ಬೇಕು. ಅದು ಪೇಶೆಂಟಿನ ಕಾನೂನುಬದ್ಧ ದಾಖಲೆ. ಸ್ಪೇಸೂ ಸೇರಿ 65 ಅಕ್ಷರಕ್ಕೆ ಒಂದು ಲೈನ್ ಅಂತ ಲೆಕ್ಕ ಹಿಡಿಯೋದು ರೂಢಿ, ಲೈನಿಗೆ ಇಷ್ಟು ಅಂತ ದುಡ್ಡು. ಶುರುವಲ್ಲಿ ನಂಗೆ ಒಂದು ನಿಮಿಷದ ಆಡಿಯೋಗೆ ಹತ್ತು ನಿಮಿಷ ಬೇಕಾಗ್ತಿತ್ತು. ಟೈಪಿಂಗ್ ಸೀನಿಯರ್ ಆಗಿದ್ದು ಒಳ್ಳೇದೇ, ಆದ್ರೆ ಈ ಕೆಲಸದಲ್ಲಿ ಕೈ ಸೋಲೋದು ಕೊನೆಗೆ, ಮೊದಲು ಸೋಲೋದು ಕಿವಿ.

ಕನ್ನಡ ಮೀಡಿಯಂ ಅಂತ ಹೆದರ್ಕೋಬೇಡಿ, ನಂದೂ ಅದೇ. ನಮಗೆ ಒಂದೇ ಒಂದು ತೊಂದರೆ ಅಂದ್ರೆ ಕೇಳಿದ ಹಾಗೇ ಬರೆಯೋ ಭಾಷೆಯಿಂದ ಬಂದವರು ನಾವು. ಡಾಕ್ಟರು ನ್ಯುಮೋನಿಯಾ ಅಂದ್ರೆ ಎನ್ ಅಕ್ಷರದಲ್ಲಿ ಹುಡುಕ್ತೀವಿ, ಅದಿರೋದು ಪಿ ಅಲ್ಲಿ. ಸೋರಿಯಾಸಿಸ್ಸೂ ಪಿ. ಎದೆಮೂಳೆಯ ಕೆಳತುದಿಗೆ ಝೈಫಾಯ್ಡ್ ಅಂತಾರೆ, ನಾನು ಅರ್ಧ ದಿನ ಝಡ್ ಅಲ್ಲೇ ಹುಡುಕಿದ್ದೆ, ಅದು ಎಕ್ಸಲ್ಲಿತ್ತು. ಇಲಿಯಂ ಅಂದ್ರೆ ಎರಡಿದೆ, ಕನ್ನಡದಲ್ಲಿ ಬರೆದ್ರೆ ಎರಡೂ ಒಂದೇ, ಇಂಗ್ಲಿಷಲ್ಲಿ ನಡುವೆ ಇ ಬಂದ್ರೆ ಸಣ್ಣ ಕರುಳಿನ ಕೊನೆ ಭಾಗ, ಐ ಬಂದ್ರೆ ಸೊಂಟದ ಮೂಳೆ. ಇದನ್ನ ಬಾಯಿಪಾಠ ಮಾಡಿ ಆಗಲ್ಲ, ದೇಹ ಗೊತ್ತಿರ್ಬೇಕು. ನಿಮಗೆ ಝೂವಾಲಜಿ ಇದೆ, ಅದೇ ದೊಡ್ಡ ಬಂಡವಾಳ. ಕ್ರಿಯಾಟಿನಿನ್, ಫಿಸ್ಟುಲಾ, ಹೆಪಾರಿನ್ ಅಂತೆಲ್ಲ ಅಮ್ಮನ ಜೊತೆ ಹೋಗಿ ಹೋಗಿ ಆಗ್ಲೇ ನಿಮ್ಮ ಕಿವಿಗೆ ಬಿದ್ದಿರುತ್ತೆ ಅಲ್ದಾ?

ರಾತ್ರಿಪಾಳಿ ಕುಮಟಾ
ನೇರವಾಗಿ ಹೇಳ್ತೀನಿ, ಬೇಜಾರು ಮಾಡ್ಕೋಬೇಡಿ. ನಾನು ಒಂಬತ್ತು ವರ್ಷ ಎಂಟಿ, ಅಂದ್ರೆ ಇದೇ ಮೆಡಿಕಲ್ ಟ್ರಾನ್ಸ್‌ಕ್ರಿಪ್ಷನ್, ಮಾಡಿ ಬಿಟ್ಟೆ. 2009ರಲ್ಲಿ ಅಮೆರಿಕದಲ್ಲಿ ಹೈಟೆಕ್ ಕಾಯ್ದೆ ಬಂತು, ಆಸ್ಪತ್ರೆಗಳಿಗೆ ಸರ್ಕಾರವೇ ದುಡ್ಡು ಕೊಟ್ಟು ಕಂಪ್ಯೂಟರ್ ದಾಖಲೆ ಮಾಡಿಸ್ತು, ಡಾಕ್ಟರು ತಾವೇ ಟಿಕ್ ಹಾಕಿ ಟೆಂಪ್ಲೇಟ್ ತುಂಬೋಕೆ ಶುರು ಮಾಡಿದ್ರು. ಆಮೇಲೆ ಸ್ಪೀಚ್ ರೆಕಗ್ನಿಶನ್. ಮೊದಲು ಪೂರ್ತಿ ಟೈಪ್ ಮಾಡ್ತಿದ್ದ ನಮಗೆ ಮಶೀನು ಬರೆದಿದ್ದನ್ನ ತಿದ್ದೋ ಕೆಲಸ ಕೊಟ್ಟು ಲೈನ್ ರೇಟ್ ಹತ್ತಿರ ಹತ್ತಿರ ಅರ್ಧ ಮಾಡಿದ್ರು, ನಮ್ಮ ಟೀಮಲ್ಲಿ ನಲವತ್ತು ಜನ ಇದ್ದಿದ್ದು ಹನ್ನೊಂದಕ್ಕೆ ಬಂತು. 2022ರಲ್ಲಿ ಸ್ಪೀಚ್ ರೆಕಗ್ನಿಶನ್ ಮಾಡೋ ನ್ಯುಆನ್ಸ್ ಕಂಪನೀನ ಮೈಕ್ರೋಸಾಫ್ಟ್ ತಗೊಂಡ್ತು, ಈಗ ಡಾಕ್ಟರು ಪೇಶೆಂಟ್ ಹತ್ರ ಮಾತಾಡ್ತಿದ್ದಂಗೇ ಎಐ ಕೇಳಿಸ್ಕೊಂಡು ನೋಟ್ ಬರೆಯುತ್ತೆ. ಅಮೆರಿಕ ಸರ್ಕಾರದ ಕಾರ್ಮಿಕ ಅಂಕಿಅಂಶ ಇಲಾಖೆಯವ್ರೇ ಈ ಕೆಲಸ ಮುಂದೆ ಕಡಿಮೆ ಆಗುತ್ತೆ ಅಂತ ಬರೆದಿದಾರೆ. 22 ವರ್ಷದ ಹುಡುಗೀನ ಈಗ ಇಲ್ಲಿಗೆ ಕರೆಯೋದು ಸರಿಯಾ ಅಕ್ಕ? ನನ್ನ ಸಲಹೆ ಮೆಡಿಕಲ್ ಕೋಡಿಂಗ್, ಅಂದ್ರೆ ರಿಪೋರ್ಟ್ ಓದಿ ರೋಗಕ್ಕೆ, ಚಿಕಿತ್ಸೆಗೆ ಬಿಲ್ಲಿಗೆ ಬೇಕಾದ ಕೋಡ್ ಹಾಕೋ ಕೆಲಸ. ಎಎಪಿಸಿ ಅನ್ನೋ ಅಮೆರಿಕದ ಕೋಡರ್‌ಗಳ ಸಂಸ್ಥೆಯ ಸಿಪಿಸಿ ಪರೀಕ್ಷೆ, 100 ಪ್ರಶ್ನೆ, ನಾಲ್ಕು ತಾಸು, ಕೋಡ್ ಪುಸ್ತಕ ತೆರೆದಿಟ್ಕೊಂಡೇ ಬರೀಬಹುದು, 70 ಪರ್ಸೆಂಟ್ ಬಂದ್ರೆ ಪಾಸು. ಹೊಸಬರಿಗೆ ಸಿಪಿಸಿ ಜೊತೆ ಎ ಅಂತ ಇರುತ್ತೆ, ಅಪ್ರೆಂಟಿಸ್ ಅಂತ, ಅನುಭವ ಆದ್ಮೇಲೆ ತೆಗೀತಾರೆ. ನಾನು ಹಾಗೇ ಬಂದೆ.

ತೋಟದಮನೆ ಸಿರಸಿ
ನೀವು ಹೇಳಿದ್ದು ಅಷ್ಟೂ ನಿಜ, ಒಂದಕ್ಷರ ತೆಗೆಯೋ ಹಾಗಿಲ್ಲ. ಆದ್ರೆ ನೀವು ಕೋಡಿಂಗ್ ಪರೀಕ್ಷೇಲಿ ಪಾಸಾದದ್ದು ಎಂತಕ್ಕೆ? ಒಂಬತ್ತು ವರ್ಷ ಆಪರೇಶನ್ ನೋಟ್ ಕೇಳಿ ಕೇಳಿ ಅದರೊಳಗೆ ಎಂತ ನಡೀತಿದೆ ಅಂತ ನಿಮಗೆ ಕಣ್ಣಿಗೆ ಕಟ್ಟಿದಂಗೆ ಇತ್ತು. ಕೊಲೆಕ್ಟಮಿ ಅಂದ್ರೆ ಕರುಳು ಕತ್ತರಿಸಿ ತೆಗೆದಿದ್ದು, ಕೊಲಾಟಮಿ ಅಂದ್ರೆ ಕೊಯ್ದು ತೆರೆದಿದ್ದು, ಕೊಲಾಸ್ಟಮಿ ಅಂದ್ರೆ ಹೊಟ್ಟೆ ಮೇಲೆ ಬಾಯಿ ಮಾಡಿದ್ದು. ಮೂರಕ್ಕೂ ಕೋಡ್ ಬೇರೆ, ಬಿಲ್ ಬೇರೆ. ನಾನು ಆ ಹುಡುಗೀನ ಕರೀತಿರೋದು ಟೈಪ್ ಮಾಡೋಕಲ್ಲ, ಈ ಭಾಷೆ ಕಲಿಯೋಕೆ. ಅದು ಬಂದ್ರೆ ಎಡಿಟಿಂಗ್ ಆಗ್ಲಿ ಕೋಡಿಂಗ್ ಆಗ್ಲಿ ಆಸ್ಪತ್ರೆಯ ರೆಕಾರ್ಡ್ ವಿಭಾಗ ಆಗ್ಲಿ ಎಲ್ಲೂ ದಾರಿ ಇದೆ.

ಮಶೀನಿನ ಬಗ್ಗೆ ಒಂದು ಮಾತು. ಅದು ಬರೆದ ರಿಪೋರ್ಟ್ ತಿದ್ದೋದು ಸುಲಭ ಅಂತ ಎಲ್ರೂ ಅಂದ್ಕೊಳ್ತಾರೆ, ಅದು ಕಷ್ಟ. ಹೊಸಬರ ತಪ್ಪು ಕಣ್ಣಿಗೆ ಹೊಡೆಯುತ್ತೆ, ಸ್ಪೆಲಿಂಗ್ ಹಾಳಾಗಿರುತ್ತೆ, ವಾಕ್ಯ ಮುರಿದಿರುತ್ತೆ. ಮಶೀನಿನ ತಪ್ಪು ನುಣ್ಣಗಿರುತ್ತೆ, ಸ್ಪೆಲಿಂಗ್ ಸರಿ, ವ್ಯಾಕರಣ ಸರಿ, ಆದ್ರೆ ಡಾಕ್ಟರು ಹಾಗೆ ಹೇಳೇ ಇಲ್ಲ. 2024ರಲ್ಲಿ ಸುದ್ದಿ ಬಂದಿತ್ತಲ್ಲ, ಆಸ್ಪತ್ರೆಗಳಲ್ಲೂ ಬಳಸ್ತಿದ್ದ ವಿಸ್ಪರ್ ಅನ್ನೋ ಎಐ ಮಾತು ನಿಂತ ಜಾಗದಲ್ಲಿ ಇಲ್ಲದ ವಾಕ್ಯಾನೇ ಹುಟ್ಟಿಸಿ ತುಂಬ್ತಿತ್ತು ಅಂತ. ರಾತ್ರಿ ಮೂರು ಗಂಟೆಗೆ ನಿದ್ದೆಗಣ್ಣಲ್ಲಿ ಓದ್ತಾ ಓದ್ತಾ ನಂಬಿ ಮುಂದೆ ಹೋಗಿಬಿಡ್ತೀವಿ. ನಾನು ಈಗ್ಲೂ ಪ್ರತಿ ಫೈಲನ್ನೂ ಕೇಳ್ತಾನೇ ಓದೋದು, ಬರೀ ಓದೋದಿಲ್ಲ.

ಕಾಳಿಸಂಗಮ
ಕಾರವಾರದಿಂದ. ನಾನು ಒಂದು ಸ್ಕ್ಯಾನಿಂಗ್ ಸೆಂಟರಲ್ಲಿ ರಿಪೋರ್ಟ್ ಟೈಪ್ ಮಾಡ್ತೀನಿ ಆರು ವರ್ಷದಿಂದ, ಅಮೆರಿಕ ಗಿಮೆರಿಕ ಎಲ್ಲ ಇಲ್ಲ ನಮ್ದು, ನಮ್ಮ ಡಾಕ್ಟರು ಪಕ್ಕದಲ್ಲೇ ಕೂತು ಹೇಳ್ತಾರೆ ನಾನು ಹೊಡೀತೀನಿ, ಯಾವ ಕೋರ್ಸೂ ಮಾಡಿಲ್ಲ ಬಿಎ ಓದಿದ್ದು, ಮೊದಲ ತಿಂಗಳು ಡಾಕ್ಟರು ಬೈದು ಬೈದೇ ಕಲಿಸಿದ್ದು. ಇಲ್ಲೂ ಕೆಲಸ ಇದೆ ಅಂತ ಹೇಳೋಕೆ ಬರೀತಿದೀನಿ. ಸಂಬಳ ಕಡಿಮೆ, ನಂದು ಶುರುವಾಗಿದ್ದು ಎಂಟು ಸಾವಿರದಿಂದ, ಆದ್ರೆ ಹಗಲು ಕೆಲಸ. ಎಲ್ಲದಕ್ಕೂ ಟೆಂಪ್ಲೇಟ್ ಇರುತ್ತೆ, ಹೊಟ್ಟೆ ಸ್ಕ್ಯಾನಿಗೆ ಲಿವರ್ ನಾರ್ಮಲ್ ಗಾಲ್ ಬ್ಲ್ಯಾಡರ್ ನಾರ್ಮಲ್ ಅಂತ ಮೊದಲೇ ಬರೆದಿಟ್ಟಿರ್ತೀವಿ, ಬದಲಾದದ್ದನ್ನ ಮಾತ್ರ ತಿದ್ದೋದು. ಅಲ್ಲೇ ಅಪಾಯ ಇರೋದು. ಒಂದ್ಸಲ ಆಪರೇಶನ್ ಮಾಡಿ ಗಾಲ್ ಬ್ಲ್ಯಾಡರ್ ತೆಗೆಸಿದ ಹೆಂಗಸಿನ ರಿಪೋರ್ಟಲ್ಲಿ ಗಾಲ್ ಬ್ಲ್ಯಾಡರ್ ನಾರ್ಮಲ್ ಅಂತ ನಾನು ಹಾಗೇ ಬಿಟ್ಟಿದ್ದೆ, ಡಾಕ್ಟರು ಸಹಿ ಮಾಡೋಕೆ ಮುಂಚೆ ನೋಡಿದ್ರಿಂದ ಉಳೀತು. ಆವತ್ತಿಂದ ನಾನು ಎಷ್ಟೇ ಗಡಿಬಿಡಿ ಇದ್ರೂ ಹೆಸರು, ವಯಸ್ಸು, ಗಂಡೋ ಹೆಣ್ಣೋ, ಎಡವೋ ಬಲವೋ, ಹಳೇ ಆಪರೇಶನ್, ಇಷ್ಟನ್ನ ಬೆರಳಿಟ್ಟು ನೋಡದೆ ಪ್ರಿಂಟ್ ಕೊಡಲ್ಲ.

ಶರಾವತಿ ಸ್ಟಾಫ್ ನರ್ಸ್
ಹೊನ್ನಾವರದಿಂದ. ನಾನು ಟೈಪ್ ಮಾಡೋಳಲ್ಲ, ಆ ಕಾಗದ ಓದೋಳು. ನಮ್ಮ ಜಿಲ್ಲೆಯ ಹಣೆಬರಹ ಎಲ್ರಿಗೂ ಗೊತ್ತು, ದೊಡ್ಡ ಕೇಸು ಅಂದ್ರೆ ಮಣಿಪಾಲ, ಮಂಗಳೂರು, ಹುಬ್ಬಳ್ಳಿ, ಇಲ್ಲಾ ಗೋವಾದ ಬಾಂಬೋಳಿ. ಸೂಪರ್ ಸ್ಪೆಷಾಲಿಟಿ ಆಸ್ಪತ್ರೆ ಬೇಕು ಅಂತ ಎಷ್ಟು ವರ್ಷದಿಂದ ಕೂಗ್ತಿದೀವಿ. ಆಂಬುಲೆನ್ಸಲ್ಲಿ ಮಲಗಿದ ಮನುಷ್ಯನಿಗೆ ಮಾತಾಡೋಕೆ ಆಗಲ್ಲ, ಜೊತೆಗಿದ್ದ ಹೆಂಡ್ತಿಗೆ ಗಾಬರಿ, ಅಲ್ಲಿನ ಡಾಕ್ಟರಿಗೆ ಇವರ ಬಗ್ಗೆ ಗೊತ್ತಾಗೋದು ಕೈಯಲ್ಲಿರೋ ಆ ಎರಡು ಹಾಳೆಯಿಂದ ಅಷ್ಟೇ. ಆ ಹಾಳೇಲಿ ಪೆನ್ಸಿಲಿನ್ ಅಲರ್ಜಿ ಅಂತ ಇದ್ದಿದ್ದು ಬಿಟ್ಟುಹೋದ್ರೆ? ಇನ್ಸುಲಿನ್ 10 ಅಂತ ಬರೆದು ಪಕ್ಕದಲ್ಲಿ ಯೂನಿಟ್ಸಿಗೆ ಬರೀ ಯು ಅಂತ ಗೀಚಿದ್ರೆ ಅದು 100 ಥರ ಕಾಣುತ್ತೆ, ನಾನೇ ಒಂದ್ಸಲ ಫೋನ್ ಮಾಡಿ ಕೇಳಿ ಖಾತ್ರಿ ಮಾಡ್ಕೊಂಡಿದೀನಿ. ಹಾಗಾಗಿ ಈ ಕೆಲಸಾನ ಬರೀ ಟೈಪಿಂಗ್ ಅಂತ ಯಾರೂ ಅನ್ನಬೇಡಿ.

ತೋಟದಮನೆ ಸಿರಸಿ
ನರ್ಸ್ ಅಕ್ಕ ಹೇಳಿದ ಯು ಇದೆಯಲ್ಲ, ಅದಕ್ಕೆ ಆಸ್ಪತ್ರೆಗಳಿಗೆ ಮಾನ್ಯತೆ ಕೊಡೋ ಅಮೆರಿಕದ ಜಾಯಿಂಟ್ ಕಮಿಷನ್ 2004ರಲ್ಲೇ ಬಳಸಬಾರದ ಸಂಕ್ಷೇಪಗಳ ಪಟ್ಟಿ ಮಾಡ್ತು, ನಮಗೆ ಟ್ರೇನಿಂಗಲ್ಲಿ ಮೊದಲ ವಾರಾನೇ ಅದನ್ನ ಹೇಳ್ಕೊಡ್ತಾರೆ. ಯೂನಿಟ್ಸ್ ಅಂತ ಪೂರ್ತಿ ಬರೀಬೇಕು. 5 ಮಿಲಿಗ್ರಾಂ ಅಂತ ಬರೀಬೇಕೇ ಹೊರತು 5.0 ಅಂತ ಬರೀಬಾರ್ದು, ಚುಕ್ಕಿ ಮಾಸಿದ್ರೆ 50 ಆಗುತ್ತೆ. ಅರ್ಧ ಮಿಲಿಗ್ರಾಮಿಗೆ 0.5 ಅಂತ ಸೊನ್ನೆ ಹಾಕ್ಲೇಬೇಕು, ಇಲ್ದಿದ್ರೆ 5 ಆಗುತ್ತೆ. ದಿನಾ ಅನ್ನೋಕೆ ಕ್ಯೂಡಿ ಅಂತ ಬರೆದ್ರೆ ದಿನ ಬಿಟ್ಟು ದಿನ ಅನ್ನೋ ಕ್ಯೂಓಡಿ ಥರ ಕಾಣುತ್ತೆ, ಅದೂ ಬಿಡಿಸಿ ಬರೀಬೇಕು. ಎಂಎಸ್ ಅಂದ್ರೆ ಮಾರ್ಫಿನ್ ಸಲ್ಫೇಟೂ ಹೌದು ಮೆಗ್ನೀಸಿಯಂ ಸಲ್ಫೇಟೂ ಹೌದು, ಅದನ್ನಂತೂ ಬರೆಯೋ ಹಾಗೇ ಇಲ್ಲ.

ಬೇಲೆಕೇರಿ ಹುಡುಗಿ
ಎಲ್ರಿಗೂ ತುಂಬಾ ಥ್ಯಾಂಕ್ಸ್. ಅಪ್ಪಂಗೆ ಓದಿ ಹೇಳಿದೆ, ದುಡ್ಡು ಕಟ್ಟಲ್ಲ ಅಂತ ಅವರಿಗೆ ಫೋನ್ ಮಾಡಿ ಹೇಳಿಬಿಟ್ವಿ. ಈಗ ಎರಡು ಪ್ರಶ್ನೆ. ಸರ್ಟಿಫಿಕೇಟ್ ಇಲ್ದೆ ಯಾರು ಕೆಲಸ ಕೊಡ್ತಾರೆ? ಮತ್ತೆ ಮನೇಲಿ ಹೇಗೆ ಶುರು ಮಾಡ್ಲಿ, ಏನೇನು ಬೇಕು?

ತೋಟದಮನೆ ಸಿರಸಿ
ಈ ಕೆಲಸಕ್ಕೆ ಸೇರೋಕೆ ನನ್ನ ಹತ್ರ ಲೈಸೆನ್ಸ್ ಅಂತ ಯಾರೂ ಕೇಳಿಲ್ಲ. ಕಂಪನಿಯವ್ರು ನೋಡೋದು ಅವರದ್ದೇ ಟೆಸ್ಟ್, ಒಂದಷ್ಟು ಶಬ್ದಗಳ ಪರೀಕ್ಷೆ, ಆಮೇಲೆ ನಿಜವಾದ ಡಿಕ್ಟೇಶನ್ ಕೊಟ್ಟು ಬರೆಸ್ತಾರೆ. ಅಮೆರಿಕದಲ್ಲಿ 1978ರಲ್ಲಿ ಟ್ರಾನ್ಸ್‌ಕ್ರಿಪ್ಷನಿಸ್ಟರದ್ದೇ ಒಂದು ಸಂಘ ಆಯ್ತು, 2007ರಲ್ಲಿ ಎಎಚ್‌ಡಿಐ ಅಂತ ಹೆಸರು ಬದಲಾಯ್ತು. ಅವರು ಮಾಡಿದ ಪರೀಕ್ಷೆ ಎರಡು, ಹೊಸಬರಿಗೆ ಆರ್‌ಎಚ್‌ಡಿಎಸ್, ಅದಾಗಿ ಎರಡು ವರ್ಷ ಆಸ್ಪತ್ರೆಯ ಎಲ್ಲಾ ಥರದ ರಿಪೋರ್ಟ್ ಮಾಡಿದವರಿಗೆ ಸಿಎಚ್‌ಡಿಎಸ್. ಹಳಬರು ಇದನ್ನ ಆರ್‌ಎಂಟಿ ಸಿಎಂಟಿ ಅಂತಾನೇ ಕರೀತಾರೆ. ಅದಿಲ್ದೆ ನಾನು ಇಷ್ಟು ವರ್ಷ ಕೆಲಸ ಮಾಡಿದೀನಿ, ಹಾಗಾಗಿ ಈಗ್ಲೇ ಅದಕ್ಕೆ ದುಡ್ಡು ಹಾಕ್ಬೇಡಿ. ಕಾರವಾರದಂಥ ಕಡೆ ಆಸ್ಪತ್ರೆ ಕೆಲಸಾನೇ ಬೇಕು ಅಂದ್ರೆ ಪ್ಯಾರಾಮೆಡಿಕಲ್ ಬೋರ್ಡಿನ ಮೆಡಿಕಲ್ ರೆಕಾರ್ಡ್ಸ್ ಟೆಕ್ನಾಲಜಿ ಡಿಪ್ಲೊಮಾ ಇದೆ, ಅದು ಸರ್ಕಾರಿ ಮಾನ್ಯತೆ ಇರೋದು.

ಮನೇಲಿ ಶುರು ಮಾಡೋಕೆ ಎಂತದೂ ಖರ್ಚಿಲ್ಲ. ಕಿವಿ ಮುಚ್ಚೋ ಥರದ ವೈರ್ ಇರೋ ಹೆಡ್‌ಫೋನ್, ಬ್ಲೂಟೂತ್ ಬೇಡ. ಎಕ್ಸ್‌ಪ್ರೆಸ್ ಸ್ಕ್ರೈಬ್ ಅನ್ನೋ ಪ್ಲೇಯರಿನ ಫ್ರೀ ವರ್ಷನ್ ಹಾಕ್ಕೊಳ್ಳಿ. ಫುಟ್ ಪೆಡಲ್ ಆಮೇಲೆ ಬೇಕಾಗುತ್ತೆ, ಕಾಲಲ್ಲಿ ಒತ್ತಿದ್ರೆ ಓಡುತ್ತೆ, ಬಿಟ್ರೆ ಒಂದೆರಡು ಸೆಕೆಂಡ್ ಹಿಂದೆ ಬಂದು ನಿಲ್ಲುತ್ತೆ, ಈಗ ಎಫ್ ಕೀಗಳಲ್ಲೇ ಮಾಡಿ. ದೇಹದ ಒಂದೊಂದೇ ವ್ಯವಸ್ಥೆ ತಗೊಳ್ಳಿ, ಎರಡು ವಾರ ಹೃದಯ, ಎರಡು ವಾರ ಶ್ವಾಸಕೋಶ, ಹೀಗೆ. ಪ್ರತಿಯೊಂದರಲ್ಲೂ ರೋಗ, ಔಷಧ, ಟೆಸ್ಟ್, ಆಪರೇಶನ್ ನಾಲ್ಕೂ ಒಟ್ಟಿಗೇ ಕಲೀರಿ, ಬೇರೆ ಬೇರೆ ಪಟ್ಟಿ ಮಾಡಿ ಉರು ಹೊಡೀಬೇಡಿ. ಹೈಡ್ರಲಜಿನ್ ಬಿಪಿಗೆ, ಹೈಡ್ರಾಕ್ಸಿಜಿನ್ ತುರಿಕೆಗೆ, ಗಡಿಬಿಡೀಲಿ ಹೇಳಿದ್ರೆ ಎರಡೂ ಒಂದೇ ಥರ ಕೇಳುತ್ತೆ, ಪೇಶೆಂಟಿಗೆ ಎಂತ ಆಗಿದೆ ಅಂತ ಗೊತ್ತಿದ್ರೆ ಮಾತ್ರ ನಿಮಗೆ ಸರಿಯಾದ್ದು ಕೇಳ್ಸುತ್ತೆ. ಎಂಟಿ ಸ್ಯಾಂಪಲ್ಸ್ ಅನ್ನೋ ಸೈಟಲ್ಲಿ ಮಾದರಿ ರಿಪೋರ್ಟ್ ಸಾವಿರಗಟ್ಟಲೆ ಇದೆ, ದಿನಾ ಐದು ಗಟ್ಟಿಯಾಗಿ ಓದಿ.

ಮತ್ತೆ ಒಂದು ನಿಯಮ, ಇದನ್ನ ಮಾತ್ರ ಮರೀಬೇಡಿ. ಕೇಳ್ಸದಿದ್ರೆ ಬ್ಲ್ಯಾಂಕ್ ಬಿಡಿ. ಊಹೆ ಮಾಡಿ ತುಂಬಬೇಡಿ. ಲಕ್ವಾ ಹೊಡೆದ ಪೇಶೆಂಟಿಗೆ ಡಿಸ್ಫೇಜಿಯಾನೂ ಇರಬಹುದು ಡಿಸ್ಫೇಸಿಯಾನೂ ಇರಬಹುದು, ಒಂದು ನುಂಗೋಕೆ ಆಗ್ದಿರೋದು, ಒಂದು ಮಾತಾಡೋಕೆ ಆಗ್ದಿರೋದು. ನುಂಗೋಕೆ ಆಗದವರಿಗೆ ಊಟ ಕೊಟ್ರೆ ಶ್ವಾಸಕೋಶಕ್ಕೆ ಹೋಗುತ್ತೆ. ಇಂಥಲ್ಲಿ ಕೇಳ್ಸಿಲ್ಲ ಅಂತ ಬರೆಯೋದೇ ಸರಿಯಾದ ಕೆಲಸ. ಡಾಕ್ಟರೇ ಮೊದಲು ಬಲಗಾಲು ಅಂದು ಆಮೇಲೆ ಎಡಗಾಲು ಅಂದ್ರೂ ನೀವು ತೀರ್ಮಾನ ಮಾಡೋ ಹಾಗಿಲ್ಲ, ಗುರುತು ಹಾಕಿ ವಾಪಸ್ ಕಳಿಸ್ಬೇಕು.

ರಾತ್ರಿಪಾಳಿ ಕುಮಟಾ
ಅಕ್ಕ ಹೇಳಿದ್ದಕ್ಕೆ ಸೇರಿಸ್ತೀನಿ. ಮನೆ ಕೆಲಸ ಅಂದ್ರೆ ಆರಾಮ ಅಂತ ಅಲ್ಲ. ಅಲ್ಲಿನ ಹಗಲು ನಮ್ಮ ರಾತ್ರಿ, ಅರ್ಜೆಂಟ್ ಸ್ಟ್ಯಾಟ್ ರಿಪೋರ್ಟ್ ಬಂದ್ರೆ ಗಂಟೆಗಳ ಲೆಕ್ಕದಲ್ಲಿ ಕೊಡ್ಬೇಕು. ನಿಮ್ಮ ಅಮ್ಮನ ಡಯಾಲಿಸಿಸ್ ದಿನ ರಾತ್ರಿಪಾಳಿ ಬೇಡ ಅಂತ ಸೇರೋಕೆ ಮೊದಲೇ ಬರೆಸ್ಕೊಳ್ಳಿ, ಬಾಯಿಮಾತು ನಂಬಬೇಡಿ. ಹಿಪಾ ಅಂತ 1996ರ ಅಮೆರಿಕದ ಕಾನೂನಿದೆ, ಪೇಶೆಂಟಿನ ಮಾಹಿತಿ ಹೊರಗೆ ಹೋಗೋ ಹಾಗಿಲ್ಲ, ಬಾಗಿಲು ಹಾಕೋ ಕೋಣೆ ಬೇಕು, ಸ್ಕ್ರೀನ್ ಬೇರೆಯವ್ರಿಗೆ ಕಾಣಬಾರ್ದು, ಫೈಲ್ ಮೊಬೈಲಿಗೆ ಹಾಕಬಾರ್ದು. ಇನ್ನು ಜೂನಿಂದ ಸೆಪ್ಟೆಂಬರ್ ತನಕ ನಮ್ಮ ಕಡೆ ಕರೆಂಟಿನ ಕಥೆ ಗೊತ್ತೇ ಇದೆ.

ತೋಟದಮನೆ ಸಿರಸಿ
ಹೌದು, ಮಳೆಗಾಲದ್ದು ಹೇಳೋಕೆ ಮರೆತೆ. ನಮ್ಮನೇಲಿ ಇನ್ವರ್ಟರ್, ಎರಡು ಬೇರೆ ಬೇರೆ ಕಂಪನಿ ಇಂಟರ್ನೆಟ್, ಒಂದು ಫೈಬರ್ ಒಂದು ಮೊಬೈಲ್. ಆದ್ರೂ ಹೋದ ವರ್ಷ ತಂತಿ ಮೇಲೆ ಮರ ಬಿದ್ದು ಮೂರು ದಿನ ಹೆಸ್ಕಾಂ ಕರೆಂಟ್ ಬರ್ಲಿಲ್ಲ, ಪೇಟೇಲಿ ನೆಂಟರ ಮನೆ ಕೋಣೇಲಿ ಕೂತು ಮಾಡಿದೆ, ಅದಕ್ಕೂ ಆಫೀಸಿಂದ ಪರ್ಮಿಶನ್ ತಗೊಂಡೇ. ಮಾರಿಜಾತ್ರೆ ಬರೋದು ಎರಡು ವರ್ಷಕ್ಕೊಮ್ಮೆ, ಆಗ್ಲೂ ಒಂದು ದಿನ ರಜೆ ಕೇಳೋಕೆ ತಿಂಗಳು ಮೊದಲೇ ಬರೀಬೇಕು. ಇದೆಲ್ಲ ಯೋಚನೆ ಮಾಡಿ.

ಯೋಚನೆ ಮಾಡಿ ಆದ್ಮೇಲೂ ಆಸೆ ಇದ್ರೆ ಒಂದು ಪರೀಕ್ಷೆ ಮಾಡೋಣ. ನಿಜವಾದ ಪೇಶೆಂಟಿನ ಆಡಿಯೋ ನಾನು ಯಾರಿಗೂ ಕೊಡೋ ಹಾಗಿಲ್ಲ. ನಾನೇ ಒಂದು ರಿಪೋರ್ಟ್ ಕಲ್ಪನೆ ಮಾಡಿ ಬರೆದು ಡಾಕ್ಟರು ಹೇಳೋ ಸ್ಪೀಡಲ್ಲಿ ಓದಿ ರೆಕಾರ್ಡ್ ಮಾಡಿ ಕಳಿಸ್ತೀನಿ, ನಾಲ್ಕು ನಿಮಿಷದ್ದು. ಫ್ಯಾನ್ ಹಾಕ್ಕೊಂಡೇ ಮಾಡ್ತೀನಿ, ನಿಜವಾದ್ದು ಅದಕ್ಕಿಂತ ಗಲಾಟೆ ಇರುತ್ತೆ. ಎಷ್ಟು ಹೊತ್ತು ಬೇಕಾದ್ರೂ ತಗೊಳ್ಳಿ.

ಬೇಲೆಕೇರಿ ಹುಡುಗಿ
ಹನ್ನೆರಡು ದಿನ ಆಯ್ತು, ತಡ ಆಗಿದ್ದಕ್ಕೆ ಕ್ಷಮಿಸಿ. ನಾಲ್ಕು ನಿಮಿಷಕ್ಕೆ ನಂಗೆ ಒಟ್ಟು ಆರು ತಾಸು ಬೇಕಾಯ್ತು. ಡಯಾಲಿಸಿಸ್ ನಡೀವಾಗ ಹೊರಗಡೆ ಬೆಂಚಲ್ಲಿ ಕೂತು ಕೇಳಿದ್ದೇ ಜಾಸ್ತಿ. ಏಳು ಬ್ಲ್ಯಾಂಕ್ ಬಿಟ್ಟಿದೀನಿ. ಝೈಫಾಯ್ಡ್ ಬಂದಾಗ ನೇರ ಎಕ್ಸಿಗೆ ಹೋದೆ, ಸಿಕ್ತು, ಎಷ್ಟು ಖುಷಿ ಆಯ್ತು ಅಂದ್ರೆ ಅಮ್ಮಂಗೂ ತೋರಿಸ್ದೆ. ಫೈಲ್ ಕಳಿಸಿದೀನಿ ನೋಡಿ.

ತೋಟದಮನೆ ಸಿರಸಿ
ನೋಡಿದೆ. ಮೊದಲ ಸಲಕ್ಕೆ ಏಳೇ ಬ್ಲ್ಯಾಂಕ್ ಅಂದ್ರೆ ಒಳ್ಳೇದು, ನಾನು ಇಪ್ಪತ್ತರ ಮೇಲೆ ಬಿಟ್ಟಿದ್ದೆ. ಮಾತ್ರೆ ಪ್ರಮಾಣ ಎಲ್ಲ ಸರಿ ಇದೆ, ಒಂದು ಕಡೇನೂ ಸೊನ್ನೆ ತಪ್ಪಿಲ್ಲ. 50 ಅನ್ನೋ ಜಾಗದಲ್ಲಿ ನಾನು ಬೇಕಂತ್ಲೇ 15 ಥರ ಕೇಳೋ ಹಾಗೆ ಓದಿದ್ದೆ, ಅಲ್ಲಿ ಗುರುತು ಹಾಕಿ ಬಿಟ್ಟಿದೀರಿ, ಅದನ್ನ ನೋಡಿ ನಂಗೆ ಸಮಾಧಾನ ಆಯ್ತು.

ಒಂದು ದೊಡ್ಡ ತಪ್ಪಿದೆ. ಎರಡನೇ ಪ್ಯಾರಾದಲ್ಲಿ ಪೇಶೆಂಟ್ ಈಸ್ ಎ ಫೆಬ್ರೈಲ್ ಅಂತ ನಡುವೆ ಸ್ಪೇಸ್ ಕೊಟ್ಟು ಬರೆದಿದೀರಿ. ಫೆಬ್ರೈಲ್ ಅಂದ್ರೆ ಜ್ವರ ಇದೆ ಅಂತ. ಡಾಕ್ಟರು ಹೇಳಿದ್ದು ಎಫೆಬ್ರೈಲ್, ಒಂದೇ ಪದ, ಜ್ವರ ಇಲ್ಲ ಅಂತ. ಒಂದು ಸ್ಪೇಸಿಗೆ ಅರ್ಥ ಪೂರ್ತಿ ಉಲ್ಟಾ. ಕಿವಿಗೆ ಎರಡೂ ಒಂದೇ ಥರ, ಎಷ್ಟು ಸಲ ಕೇಳಿದ್ರೂ ಗೊತ್ತಾಗಲ್ಲ. ಆದ್ರೆ ಮುಂದಿನ ಸಾಲು ನೋಡಿ, ಟೆಂಪರೇಚರ್ 98.4 ಅಂತ ನೀವೇ ಬರೆದಿದೀರಿ.

ಬೇಲೆಕೇರಿ ಹುಡುಗಿ
ಅಯ್ಯೋ ಹೌದು. ಅಮ್ಮಂಗೆ ಪ್ರತಿ ಸಲ ಡಯಾಲಿಸಿಸ್ ಮೊದಲು ಜ್ವರ ನೋಡಿ ಬರೀತಾರೆ, ನಂಗೆ ಅದು ಹೊಳೀಬೇಕಿತ್ತು. ಇನ್ಮೇಲೆ ಒಂದು ಸಲ ಪೂರ್ತಿ ಮುಗಿಸಿ ಮೇಲಿಂದ ಮತ್ತೆ ಓದ್ತೀನಿ. ಅಕ್ಕ, 2 ನಿಮಿಷ 40 ಸೆಕೆಂಡ್ ಹತ್ರ ಇರೋ ನಾಲ್ಕನೇ ಬ್ಲ್ಯಾಂಕ್ ಏನು ಅಂತ ಹೇಳ್ತೀರಾ? ಮೂವತ್ತು ಸಲ ಕೇಳಿದೀನಿ, ಪಲ್ಪ ಅಂತ ಏನೋ ಶುರುವಾಗುತ್ತೆ.

ತೋಟದಮನೆ ಸಿರಸಿ
ಹೇಳಲ್ಲ. ಅದು ಎಲ್ಲಿ ಬಂದಿದೆ ನೋಡಿ, ಪೇಶೆಂಟ್ ತನಗೆ ಹೀಗಾಗುತ್ತೆ ಅಂತ ಹೇಳ್ಕೊಂಡ ಭಾಗದಲ್ಲಾ, ಡಾಕ್ಟರು ಕೈಯಿಟ್ಟು ಮುಟ್ಟಿ ನೋಡಿದ ಭಾಗದಲ್ಲಾ? ಅದನ್ನ ಮೊದಲು ನೋಡ್ಕೊಂಡು ಮೂವತ್ತೊಂದನೇ ಸಲ ಕೇಳಿ. ನಾಳೆ ರಾತ್ರಿ ಪಾಳಿ ಶುರುವಾಗೋ ಮೊದಲು ಬರ್ತೀನಿ, ಎಂತ ಬರೆದ್ರಿ ಅಂತ ಹೇಳಿ.